ಮೃಗಶಿರ ಮಳೆಗೆ ಮುಂಚಿನ ಗದ್ದಲ

ಮೇ ತಿಂಗಳ ಎರಡನೇ ವಾರ, ಬೆಳಿಗ್ಗೆ ಒಂಬತ್ತೂವರೆ. ವಿನೋಬನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲಿಯೋ ಡ್ರಿಲ್ಲಿಂಗ್ ಮಷಿನ್ ಶುರುವಾಯಿತು. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನತೊಡಗಿದವು. ಮೇಲಿನ ಮನೆಯವರದೇ ಇರಬೇಕೆಂದು ಮೆಟ್ಟಿಲು ಹತ್ತಿದರೆ, ಅರ್ಧ ದಾರಿಯಲ್ಲಿ ಅವರೇ ಎದುರಾಗಿ, ‘ಬೆಳಿಗ್ಗೆ ಬೆಳಿಗ್ಗೆ ಏನು ಒಡೆಸುತ್ತಿದ್ದೀರಿ ಸಾರ್?’ ಎಂದರು. ಅಷ್ಟರಲ್ಲಿ ಅದಕ್ಕೂ ಮೇಲಿನ ಮಹಡಿಯ ಅಮ್ಮ ಇಳಿದು ಬಂದರು. ಅವರದೂ ಅದೇ ಪ್ರಶ್ನೆ. ಮೂವರೂ ಸೇರಿ ಹುಡುಕಿದಾಗ ಸಿಕ್ಕಿದ್ದು ನೆಲಮಹಡಿಯ ಹಿಂದಿನ ಮೂಲೆಯ ಬಚ್ಚಲುಮನೆ. ಒಬ್ಬನೇ ಒಬ್ಬ ಹುಡುಗ ಮುಖಕ್ಕೆ ಟವೆಲ್ ಸುತ್ತಿಕೊಂಡು ಗೋಡೆ ಕೊರೆಯುತ್ತಿದ್ದ. ‘ಒಂದು ಗಂಟೆ ಕೆಲಸ ಅಷ್ಟೇ ಸಾರ್’ ಎಂದರು ಮೇಸ್ತ್ರಿ. ಅದು ಮುಗಿದದ್ದು ಹನ್ನೊಂದನೇ ದಿನ.

ಶಿವಮೊಗ್ಗದಲ್ಲಿ ಈ ಗೋಳು ಬೇಸಿಗೆಗೇ ಗಂಟುಬಿದ್ದಿರುವುದಕ್ಕೆ ಕಾರಣವಿದೆ. ಇಲ್ಲಿಯ ಫ್ಲ್ಯಾಟುಗಳಲ್ಲಿ ಇರುವ ಅನೇಕರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂಟಿಮನೆಗಳಲ್ಲಿ ಬೆಳೆದವರು. ಅಲ್ಲಿ ಪಕ್ಕದ ಮನೆ ಎಂದರೆ ತೋಟದ ಆಚೆ. ರಿಪೇರಿಗೆ ಕಾಲ ಎನ್ನುವುದೂ ಅಲ್ಲಿ ಒಂದೇ: ಅಡಿಕೆ ಕೊಯ್ಲು ಮುಗಿದು, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುವ, ಆಳುಗಳು ಸಿಗುವ, ಮಳೆ ಇನ್ನೂ ಬಾರದ ಕಾಲ. ಯುಗಾದಿ ಕಳೆದ ಮೇಲೆ ಹಂಚು ಕೈಯಾಡಿಸಬೇಕು, ಸೌದೆ ಒಳಗೆ ಹಾಕಬೇಕು, ಬಿರುಕು ಬಿಟ್ಟ ಗೋಡೆಗೆ ಗಾರೆ ಮೆತ್ತಬೇಕು. ಜೂನ್ ಮೊದಲ ವಾರ ದಾಟಿ ಮೃಗಶಿರ ಮಳೆ ಹಿಡಿಯಿತೆಂದರೆ ಮುಂದಿನ ನಾಲ್ಕು ತಿಂಗಳು ಏಣಿ ಮುಟ್ಟುವಂತಿಲ್ಲ. ಹಳ್ಳಿಯ ಮನೆ ಬಿಟ್ಟು ಬಂದರೂ ಈ ಲೆಕ್ಕವನ್ನು ನಾವು ಜೊತೆಯಲ್ಲೇ ಕಟ್ಟಿಕೊಂಡು ಬಂದಿದ್ದೇವೆ. ಆದ್ದರಿಂದ ಇಪ್ಪತ್ತು ಮನೆಗಳ ಕಟ್ಟಡದಲ್ಲಿ ಐದಾರು ಮನೆಯವರಿಗೆ ಒಂದೇ ಸಲ, ಅದೇ ಎಂಟು ವಾರಗಳಲ್ಲಿ, ಒಡೆಸುವ ಹುಕಿ ಹುಟ್ಟುತ್ತದೆ.

ಆ ಎಂಟು ವಾರಗಳು ಎಂಥವು ನೋಡಿ. ಬಿಸಿಲು 35 ಡಿಗ್ರಿ ದಾಟಿರುತ್ತದೆ, ಕಿಟಕಿ ಮುಚ್ಚಿದರೆ ಬೇಯಬೇಕು. ಒಂದು ಮನೆಯಲ್ಲಿ ಸಿಇಟಿ, ನೀಟ್‌ಗೆ ಓದುವ ಮಗ, ಇನ್ನೊಂದರಲ್ಲಿ ರಜೆಗೆ ಬಂದ ಮೊಮ್ಮಕ್ಕಳು, ಮತ್ತೊಂದರಲ್ಲಿ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದು ಹತ್ತು ಗಂಟೆಗೆ ಮಲಗುವ ನರ್ಸ್. ಸದ್ದಿಗೆ ಇದಕ್ಕಿಂತ ಕೆಟ್ಟ ಕಾಲವನ್ನು ಹುಡುಕಿದರೂ ಸಿಗದು.

ಮೊದಲು ಸದ್ದಿನ ದಾರಿ ತಿಳಿಯಬೇಕು. ಅದು ಮನೆಯೊಳಗೆ ಬರುವುದು ಎರಡು ಬಗೆಯಲ್ಲಿ. ಒಂದು, ಗಾಳಿಯ ಮೂಲಕ. ಕಟಿಂಗ್ ಮಷಿನ್ನಿನಲ್ಲಿ ಟೈಲ್ಸ್ ಕೊಯ್ಯುವ ಕೀರಲು ದನಿ ಕಿಟಕಿ, ಬಾಗಿಲ ಸಂದಿ, ಮೆಟ್ಟಿಲ ಬಾವಿ, ಬಚ್ಚಲ ಪೈಪುಗಳು ಇಳಿಯುವ ಡಕ್ಟ್ ಇವುಗಳಿಂದ ನುಗ್ಗುತ್ತದೆ. ಎರಡನೆಯದು ಕಟ್ಟಡದ ಮೈಯ ಮೂಲಕ. ಡ್ರಿಲ್, ಕಾಂಕ್ರೀಟನ್ನು ಕುಟ್ಟಿ ಒಡೆಯುವ ಬ್ರೇಕರ್ ಯಂತ್ರ, ಉಳಿ-ಸುತ್ತಿಗೆ ಇವು ಗೋಡೆಯನ್ನೇ ಹೊಡೆಯುತ್ತವೆ. ಹೊಡೆತ ಗೋಡೆಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಪ್ರತಿ ಮಹಡಿಯ ಸ್ಲ್ಯಾಬಿಗೆ ಹರಿಯುತ್ತದೆ. ಕೊನೆಗೆ ನಿಮ್ಮ ಮಲಗುವ ಕೋಣೆಯ ಗೋಡೆ ತಾನೇ ನಡುಗಿ ಸದ್ದು ಹೊರಡಿಸುತ್ತದೆ. ಚಿಕ್ಕಂದಿನಲ್ಲಿ ತಾಳಗುಪ್ಪದ ರೈಲು ಹಳಿಗೆ ಕಿವಿಯಿಟ್ಟು ಹಿರಿಯರಿಂದ ಬೈಸಿಕೊಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗಾಡಿ ಕಣ್ಣಿಗೆ ಕಾಣುವ ಮುನ್ನವೇ ಕಬ್ಬಿಣ ಸುದ್ದಿ ಮುಟ್ಟಿಸುತ್ತಿತ್ತು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಸದ್ದು ಕಾಂಕ್ರೀಟಿನಲ್ಲಿ 3,000 ಮೀಟರಿಗೂ ಹೆಚ್ಚು ಓಡುತ್ತದೆ. ವೇಗಕ್ಕಿಂತ ಮುಖ್ಯವಾದದ್ದು, ಗಟ್ಟಿಯಾಗಿ ಬೆಸೆದ ಕಾಂಕ್ರೀಟಿನೊಳಗೆ ಅದು ದಾರಿಯಲ್ಲಿ ಕರಗುವುದು ಬಹಳ ಕಡಿಮೆ. ನೆಲಮಹಡಿಯ ಬಚ್ಚಲಿನ ಕೊರೆತ ಮೂರು ಮನೆಯವರಿಗೂ ‘ಪಕ್ಕದಲ್ಲೇ’ ಎನಿಸಿದ್ದು ಹೀಗೆ. ನಾಲ್ಕೂ ಗೋಡೆ ಒಟ್ಟಿಗೆ ನುಡಿಯುವಾಗ ದಿಕ್ಕು ಹೇಳಲು ಯಾವ ಕಿವಿಗೂ ಸಾಧ್ಯವಿಲ್ಲ.

ಹಳೆಯ ಮಲೆನಾಡ ಮನೆಗಳಲ್ಲಿ ಈ ಕಾಟ ಇರಲಿಲ್ಲ. ಒಂದೂವರೆ ಅಡಿ ದಪ್ಪದ ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆ, ಮೇಲೆ ಮರದ ಮುಚ್ಚಿಗೆ, ಹಲಗೆಯ ಮೇಲೆ ಗೇಣುದ್ದ ಮಣ್ಣು. ಅಟ್ಟದ ಮೇಲೆ ಅಡಿಕೆ ಮೂಟೆ ಎತ್ತಿಹಾಕಿದರೂ ನಡುಮನೆಯಲ್ಲಿ ಮಲಗಿದ್ದ ಅಜ್ಜ ಮಗ್ಗುಲು ಬದಲಿಸುತ್ತಿರಲಿಲ್ಲ. ಆ ಮಣ್ಣನ್ನು ಹಾಕಿದ್ದು ಸದ್ದಿಗಾಗಿ ಅಲ್ಲದಿರಬಹುದು. ಆದರೆ ಹೊಡೆತವನ್ನು ನುಂಗಲು ಸಡಿಲವಾದ, ಭಾರವಾದ ಪದರಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಗೋಡೆಯ ತೂಕ ಇಮ್ಮಡಿಯಾದರೆ ಅದು ತಡೆಯುವ ಸದ್ದು ಐದಾರು ಡೆಸಿಬೆಲ್ (ಸದ್ದನ್ನು ಅಳೆಯುವ ಮಾನ) ಹೆಚ್ಚುತ್ತದೆ ಎಂಬುದು ಧ್ವನಿಶಾಸ್ತ್ರದ ಹಳೆಯ ಲೆಕ್ಕ. ಈಗ ಎಲ್ಲೆಡೆ ಬಳಸುವ, ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಎಎಸಿ ಬ್ಲಾಕ್ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ ನಿಜ, ಆದರೆ ಅದರ ತೂಕ ಗಟ್ಟಿ ಕಾಂಕ್ರೀಟ್ ಬ್ಲಾಕಿನ ಮೂರನೇ ಒಂದರಷ್ಟು. ಅದೇ ಬ್ಲಾಕನ್ನು ನಾಲ್ಕು ಇಂಚಿನ ಗೋಡೆಯಾಗಿ ಇಬ್ಬರ ಮಲಗುವ ಕೋಣೆಗಳ ನಡುವೆ ನಿಲ್ಲಿಸಿದರೆ ಪಕ್ಕದವರ ಮಿಕ್ಸಿಯ ಸದ್ದಿಗೇ ಬೆಳಗಾಗುತ್ತದೆ. ಫ್ಲ್ಯಾಟ್ ಕೊಳ್ಳುವಾಗ ವಾಸ್ತು ಕೇಳುವ ನಾವು ಗೋಡೆಯ ದಪ್ಪವನ್ನು ಯಾಕೋ ಕೇಳುವುದಿಲ್ಲ.

ಇನ್ನು ಸದ್ದಿಗೆ ಮದ್ದು ಎಂದು ಜನ ನಂಬಿರುವುದರಲ್ಲಿ ಅರ್ಧ ದಂಡ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು, ಥರ್ಮೋಕೋಲ್ ಹಚ್ಚುವುದು, ಸ್ಪಂಜಿನ ಹಾಳೆ ತರಿಸುವುದು ಇವೆಲ್ಲ ಕೋಣೆಯೊಳಗಿನ ಪ್ರತಿಧ್ವನಿಯನ್ನು ಒಂದಿಷ್ಟು ತಗ್ಗಿಸಬಹುದು, ಆಚೆಯಿಂದ ಬರುವುದನ್ನು ತಡೆಯಲಾರವು. ಹೀರುವುದು ಬೇರೆ, ತಡೆಯುವುದು ಬೇರೆ. ತಡೆಯಲು ತೂಕ ಬೇಕು, ಸಂದಿಯಿಲ್ಲದ ಮುಚ್ಚಿಗೆ ಬೇಕು. ಹೀರುವ ವಸ್ತುವಿಗೆ ಸರಿಯಾದ ಜಾಗ ಕೆಲಸ ನಡೆಯುವ ಮನೆಯೇ. ಸಾಮಾನು ಖಾಲಿ ಮಾಡಿದ ಕೋಣೆ ಬಾವಿಯಂತೆ ಮೊಳಗುತ್ತದೆ. ಅಲ್ಲಿ ನಾಲ್ಕು ಹಳೆಯ ಕಂಬಳಿಗಳನ್ನು ಹಗ್ಗಕ್ಕೆ ಇಳಿಬಿಟ್ಟು, ಮುಂಬಾಗಿಲು ಹಾಕಿಕೊಂಡು ಕೆಲಸ ಮಾಡಿದರೆ ಮೆಟ್ಟಿಲಿಗೆ ಹರಿಯುವ ಸದ್ದು ನಿಜಕ್ಕೂ ಇಳಿಯುತ್ತದೆ.

ಕೇಳುವವರ ಕಡೆಯಲ್ಲಿ ಕೈಗೆಟಕುವ ಉಪಾಯಗಳೂ ಇವೆ, ಆದರೆ ಅವು ಗಾಳಿಯ ದಾರಿಯ ಸದ್ದಿಗೆ ಮಾತ್ರ. ಬಾಗಿಲಿನ ವಿಷಯವನ್ನೇ ತೆಗೆದುಕೊಳ್ಳಿ. ಹಿಂದಿನ ಮನೆಗಳಲ್ಲಿ ಪ್ರತಿ ಬಾಗಿಲಿಗೂ ಹೊಸ್ತಿಲಿರುತ್ತಿತ್ತು. ಫ್ಲ್ಯಾಟಿನ ಒಳಬಾಗಿಲುಗಳಿಗೆ ಹೊಸ್ತಿಲಿಲ್ಲ, ಕೆಳಗೆ ಅರ್ಧ ಇಂಚು ಸಂದಿ. ಏಳಡಿ ಎತ್ತರ, ಮೂರಡಿ ಅಗಲದ ಬಾಗಿಲಿಗೆ ಅದು ಶೇಕಡಾ ಒಂದಕ್ಕಿಂತಲೂ ಕಡಿಮೆ ಜಾಗ. ಆದರೂ ಅಷ್ಟು ಸಂದಿ ಇದ್ದರೆ ಸಾಕು, ಬಾಗಿಲು ಎಷ್ಟೇ ಗಟ್ಟಿಯಾಗಿರಲಿ, ಒಟ್ಟಾರೆ 22 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ತೇಗದ ಬಾಗಿಲಿಗೆ ದುಡ್ಡು ಸುರಿದು ಸಂದಿ ಬಿಟ್ಟರೆ ಹಣ ಆ ಸಂದಿಯಲ್ಲೇ ಹೋಯಿತು. ಮಡಿಸಿದ ಗೋಣಿಚೀಲವನ್ನೋ ಹಳೆಯ ಟವೆಲನ್ನೋ ಬಾಗಿಲ ಬುಡಕ್ಕೆ ಒತ್ತಿಟ್ಟರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಬಚ್ಚಲ ಮನೆಯ ವೆಂಟಿಲೇಟರ್ ಡಕ್ಟಿಗೆ ತೆರೆದುಕೊಂಡಿರುತ್ತದೆ. ಆ ಡಕ್ಟ್ ಕಟ್ಟಡದ ಉದ್ದಕ್ಕೂ ನಿಂತ ಕೊಳಲು. ಗಾಜಿನ ಪಟ್ಟಿಗಳ ಮೇಲೆ ಒಂದು ಪ್ಲೈವುಡ್ ತುಂಡು ಒರಗಿಸಿ, ಬಚ್ಚಲ ಬಾಗಿಲನ್ನು ಮುಚ್ಚಿಡಿ. ಮಂಚದ ತಲೆಭಾಗ ಗೋಡೆಗೆ ತಾಗಿದ್ದರೆ ಒಂದು ಗೇಣು ಎಳೆದು ಹಾಕಿ, ನಡುಕ ನೇರವಾಗಿ ತಲೆಗೆ ಬರುವುದು ತಪ್ಪುತ್ತದೆ. ಓದುವ ಮಕ್ಕಳಿಗೆ ಹತ್ತಿ ತುರುಕುವುದರಿಂದ ಪ್ರಯೋಜನವಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು, ಕಿವಿಯನ್ನು ಮೇಲಕ್ಕೆಳೆದು, ಒಳಗಿಟ್ಟು, ಅದು ಉಬ್ಬುವವರೆಗೆ ಹಿಡಿದುಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ಕಂಬದಲ್ಲಿ ಹರಿದು ಬರುವ ಕೊರೆತ ಪೂರ್ತಿ ನಿಲ್ಲುವುದಿಲ್ಲ. ಕಿವಿಯ ಬಳಿ ನಿಂತು ಅದನ್ನು ಸೋಲಿಸಲಾಗದು, ಗೋಡೆ ಮುಟ್ಟುವ ಮುನ್ನವೇ ಹಿಡಿಯಬೇಕು.

ಹಿಡಿಯುವುದು ಹೇಗೆ? ಮೇಸ್ತ್ರಿಯ ಜೊತೆ ರೇಟು ಮಾತಾಡುವಾಗಲೇ ಯಂತ್ರದ ಮಾತನ್ನೂ ಆಡಬೇಕು. ಟೈಲ್ಸ್ ಕೊಯ್ಯಲು ಗ್ರೈಂಡರೇ (ಬ್ಲೇಡು ತಿರುಗುವ ಕಟಿಂಗ್ ಮಷಿನ್) ಬೇಕೆಂದಿಲ್ಲ. ನೇರ ಗೆರೆಯ ಕೊಯ್ತಕ್ಕೆ ಕೈಯಲ್ಲಿ ಎಳೆಯುವ ಕಟರ್ ಇದೆ: ಒಂದು ಗೀರು, ಒಂದು ಒತ್ತು, ಟಕ್ ಎಂದು ಮುರಿಯುತ್ತದೆ. ಧೂಳೂ ಇಲ್ಲ. ಮೂಲೆ, ನಲ್ಲಿಯ ತೂತು ಇಂಥ ಕಡೆ ಮಾತ್ರ ಮಷಿನ್ ಸಾಕು. ಅಡುಗೆಕಟ್ಟೆಯ ಗ್ರಾನೈಟ್, ಕಪಾಟಿನ ಕಡಪ ಕಲ್ಲು ಇವನ್ನು ಅಳತೆ ಕೊಟ್ಟು ಕಲ್ಲಿನಂಗಡಿಯಲ್ಲೇ ಕೊಯ್ಸಿ ತರಬಹುದು, ಸಿಂಕಿನ ಜಾಗವನ್ನೂ ಸೇರಿಸಿ. ಚಿಮಣಿ ಕೊಳವೆಗೋ ಎಸಿ ಪೈಪಿಗೋ ಗೋಡೆಯಲ್ಲಿ ದೊಡ್ಡ ತೂತು ಬೇಕಾದರೆ ಕೋರ್ ಕಟಿಂಗ್ ಮಾಡಿಸಿ. ವಜ್ರದ ಹಲ್ಲಿನ ಕೊಳವೆ ನೀರು ಹಾಕಿಕೊಂಡು ತಿರುಗುತ್ತಾ ಕೊರೆಯುತ್ತದೆ, ಹೊಡೆಯುವುದಿಲ್ಲ. ಹೊಡೆತವಿಲ್ಲ ಎಂದಮೇಲೆ ಮೇಲಿನವರ ಲೋಟವೂ ಕಿಣಿಗುಟ್ಟುವುದಿಲ್ಲ. ಬಾಡಿಗೆ ಸ್ವಲ್ಪ ಹೆಚ್ಚಾದೀತು. ಆದರೆ ಬ್ರೇಕರಿನಲ್ಲಿ ಅರ್ಧ ದಿನ ಕುಟ್ಟಿ, ಆಮೇಲೆ ಒಡೆದ ಅಂಚಿಗೆ ಗಾರೆ ಮೆತ್ತುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಒಡೆಯುವುದನ್ನೇ ತಪ್ಪಿಸಬಹುದಾದ ಕಡೆಗಳಿವೆ. ಹಳೆಯ ನೆಲ ಗಟ್ಟಿಯಾಗಿದ್ದು ಎಲ್ಲಿಯೂ ಪೊಳ್ಳು ಸದ್ದು ಬಾರದಿದ್ದರೆ, ಅಂಟಿನ ಪುಡಿ ಕಲಸಿ ಟೈಲ್ ಮೇಲೇ ಟೈಲ್ ಕೂರಿಸಬಹುದು. ನೆಲ ಅರ್ಧ ಇಂಚಿನಷ್ಟು ಎತ್ತರವಾಗುತ್ತದೆ, ಬಾಗಿಲ ಬುಡವನ್ನು ಉಜ್ಜಿಸಬೇಕಾಗುತ್ತದೆ, ಅಷ್ಟೆ. ಸ್ನಾನದ ಮನೆ ಸೋರುತ್ತಿದೆ ಎಂದಕೂಡಲೇ ನೆಲ ಅಗೆಸಲು ಹೊರಡುವವರು ಮೊದಲು ಟೈಲ್ಸ್ ಸಂದಿಗಳನ್ನು ಕೆರೆದು ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿಸಿ ನೋಡುವುದು ಒಳ್ಳೆಯದು. ಅದರಿಂದ ನಿಲ್ಲದಿದ್ದರೆ, ಒಳಗೆ ಪೈಪೇ ಒಡೆದಿದ್ದರೆ, ಅಗೆಯದೆ ಗತಿಯಿಲ್ಲ. ಆಗ ಸೋರುವ ಮನೆಯ ಕೆಳಗಿನವರೇ ‘ಬೇಗ ಒಡೆಸಿ’ ಎಂದು ಬೆನ್ನು ಹತ್ತುತ್ತಾರೆ. ತಮ್ಮ ಸೂರಿಗಾಗಿ ನಡೆಯುವ ಗದ್ದಲವನ್ನು ಮನುಷ್ಯ ಹೇಗೋ ಸಹಿಸುತ್ತಾನೆ.

ಎಲ್ಲಿ ಕೂತು ಕೊಯ್ಯುವುದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಮನೆಯೊಳಗೆ ಬೇಡ ಎಂದು ಬಹಳ ಕಡೆ ಕೆಲಸದವರನ್ನು ಕೆಳಗಿನ ಪಾರ್ಕಿಂಗಿಗೆ ಕಳಿಸುತ್ತಾರೆ. ನನ್ನ ಮಟ್ಟಿಗೆ ಅದು ಅತ್ಯಂತ ಕೆಟ್ಟ ಜಾಗ. ಮೇಲೆ ಕಾಂಕ್ರೀಟ್, ಕೆಳಗೆ ಕಾಂಕ್ರೀಟ್, ನಡುವೆ ಮೆಟ್ಟಿಲ ಬಾಯಿ. ಅಲ್ಲಿ ಹಚ್ಚಿದ ಗ್ರೈಂಡರ್ ಇಡೀ ಕಟ್ಟಡಕ್ಕೆ ಧ್ವನಿವರ್ಧಕ ಹಿಡಿದಂತೆ. ಕಾಂಪೌಂಡಿನ ಬಯಲು ಮೂಲೆ, ಕಿಟಕಿಗಳಿಲ್ಲದ ಗೋಡೆಯ ಕಡೆ, ಮರಳಿನ ಚೀಲದ ಮೇಲೆ ಕಲ್ಲಿಟ್ಟು ಕೊಯ್ದರೆ ಅಷ್ಟು ನೆಮ್ಮದಿ.

ಈ ಮಾತುಗಳ ನಡುವೆ ಆ ಟವೆಲ್ ಸುತ್ತಿಕೊಂಡ ಹುಡುಗನನ್ನು ಮರೆಯಬಾರದು. ನಮಗೆ ಎರಡು ಗೋಡೆ ದಾಟಿ ಬಂದ ಸದ್ದು, ಅವನಿಗೆ ಎರಡಡಿ ದೂರದ್ದು. ಡೆಸಿಬೆಲ್ ಲೆಕ್ಕ ನಮ್ಮ ದಿನನಿತ್ಯದ ಕೂಡುವ ಕಳೆಯುವ ಲೆಕ್ಕದಂತಲ್ಲ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ಹಾಕಿಕೊಟ್ಟ ಮಿತಿಯ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು ದಿನಕ್ಕೆ 15 ನಿಮಿಷ. ಮುಚ್ಚಿದ ಬಚ್ಚಲಿನಲ್ಲಿ ಡ್ರಿಲ್, ಗ್ರೈಂಡರ್ ಹಿಡಿದವನ ಕಿವಿಯ ಬಳಿ ಸದ್ದು ಅದರ ಆಸುಪಾಸಿನಲ್ಲೇ ಇರುತ್ತದೆ, ಅವನು ಅಲ್ಲಿರುವುದು ಬೆಳಗಿನಿಂದ ಸಂಜೆಯವರೆಗೆ. ಕಿವಿ ಮಂದವಾಗುವುದು ಒಂದೇ ದಿನದಲ್ಲಲ್ಲ, ಹೋದದ್ದು ಮರಳಿ ಬರುವುದೂ ಇಲ್ಲ. ಕಿವಿಗೆ ಹಾಕುವ ಇಯರ್‌ಮಫ್ ಕೆಲವು ನೂರು ರೂಪಾಯಿಯ ವಸ್ತು. ಲಕ್ಷಗಟ್ಟಲೆ ಖರ್ಚು ಮಾಡಿ ಅಡುಗೆಮನೆ ಕಟ್ಟಿಸುವವರು ಅದನ್ನೊಂದು ತಂದುಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ. ನಾನು ತಂದುಕೊಟ್ಟಾಗ ಹುಡುಗ ಮೊದಲು ನಕ್ಕ, ಆಮೇಲೆ ಹಾಕಿಕೊಂಡ. ‘ಟೀ ಬಂತು’ ಎಂದು ಮೇಸ್ತ್ರಿ ಮೂರು ಸಲ ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲ.

ಕಾನೂನು ಏನನ್ನುತ್ತದೆ? 2000ದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. 2010ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಬಳಸಲೇಬಾರದು ಎಂದಿತು. ಆದ್ದರಿಂದ ರಾತ್ರಿ ಹನ್ನೊಂದಕ್ಕೆ ಯಾರಾದರೂ ಡ್ರಿಲ್ ಹಚ್ಚಿದರೆ ಅಳತೆಯ ಗೊಡವೆಯಿಲ್ಲದೆ ದೂರು ಕೊಡಬಹುದು. ತೊಡಕಿರುವುದು ಹಗಲಿನಲ್ಲಿ. ನಿಯಮದ ಹಗಲು ಬೆಳಿಗ್ಗೆ 6ಕ್ಕೆ ಶುರುವಾಗಿ ರಾತ್ರಿ 10ಕ್ಕೆ ಮುಗಿಯುತ್ತದೆ. 55 ಎಂಬ ಅಂಕೆ ಒಂದು ಅವಧಿಯ ಸರಾಸರಿ. ಮಿತಿಗಿಂತ 10 ಡೆಸಿಬೆಲ್ ಹೆಚ್ಚಿದ್ದರೆ ಮಾತ್ರ ದೂರಿಗೆ ಅವಕಾಶ. ನಡುನಡುವೆ ಹತ್ತು ನಿಮಿಷ ಕಿರುಚಿ, ಇಪ್ಪತ್ತು ನಿಮಿಷ ಬೀಡಿ ಸೇದಲು ನಿಲ್ಲುವ ಕೆಲಸವನ್ನು ಈ ಸರಾಸರಿಯಲ್ಲಿ ಹಿಡಿಯುವುದು ಸುಲಭವಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್ ಶಬ್ದದ ಪೀಡೆಯಿಲ್ಲದೆ ಬದುಕುವುದನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿ ತೀರ್ಪು ಕೊಟ್ಟಿದೆ. ಆದರೂ ಬೆಳಿಗ್ಗೆ ಆರೂಕಾಲಿಗೆ ಪಕ್ಕದ ಮನೆಯಲ್ಲಿ ಉಳಿ ಬಿದ್ದಾಗ ಆ ತೀರ್ಪು ಹಿಡಿದುಕೊಂಡು ಹೋಗಿ ಬಾಗಿಲು ಬಡಿಯುವುದು ಹೇಗೆ? ಮಾರನೇ ದಿನ ಅದೇ ಮನೆಯಿಂದ ಕರಿಬೇವು ಕೇಳಬೇಕಾಗುತ್ತದೆ.

ಕೈಯಲ್ಲಿರುವ ನಿಜವಾದ ಅಸ್ತ್ರ ಎಂದರೆ ಫ್ಲ್ಯಾಟ್ ಮಾಲೀಕರ ಸಂಘದ ಬೈಲಾ, ಅಂದರೆ ಒಳನಿಯಮಗಳು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ನೋಂದಾಯಿಸಿದ ಕಟ್ಟಡಗಳಿಗೆ ಬೈಲಾ ಇರಲೇಬೇಕು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಯಾವ ಮಾಲೀಕನೂ ಮಾಡುವಂತಿಲ್ಲ ಎಂದೂ ಆ ಕಾಯ್ದೆ ಹೇಳುತ್ತದೆ. ತೊಲೆ ಕೊರೆಯಲು ಹೊರಟವರನ್ನು ನಿಲ್ಲಿಸಲು ಅಷ್ಟು ಸಾಕು. ಬೈಲಾದಲ್ಲಿ ಕೊರೆತ, ಒಡೆತಕ್ಕೆ ಗಂಟೆ ನಿಗದಿ ಮಾಡಿ, ಮೂರು ದಿನ ಮುಂಚೆ ಲಿಫ್ಟಿನ ಪಕ್ಕ ಚೀಟಿ ಅಂಟಿಸಬೇಕು ಎಂದು ಬರೆದುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಹತ್ತೂವರೆಯಿಂದ ಹನ್ನೆರಡೂವರೆ ಎಂದು ಮೊದಲೇ ಗೊತ್ತಿದ್ದ ಸದ್ದು ಅಷ್ಟಾಗಿ ಚುಚ್ಚುವುದಿಲ್ಲ. ಯಾವಾಗ ಶುರುವಾಗುತ್ತದೋ ಎಂದು ಕಾಯುವುದೇ ಹೆಚ್ಚು ಸುಸ್ತು ಮಾಡುತ್ತದೆ.

ಗಂಟೆ ನಿಗದಿ ಮಾಡುವಾಗ ಒಂದು ವಿಚಿತ್ರ ಲೆಕ್ಕ ನೆನಪಿಡಬೇಕು. ಎರಡು ಮನೆಗಳಲ್ಲಿ ಕೆಲಸವಿದ್ದರೆ ನಾವು ಸಹಜವಾಗಿ ಒಬ್ಬರಾದ ಮೇಲೆ ಒಬ್ಬರು ಮಾಡಲಿ ಎನ್ನುತ್ತೇವೆ. ತಪ್ಪು. ಒಂದೇ ಬಗೆಯ ಎರಡು ಯಂತ್ರಗಳು ಒಟ್ಟಿಗೆ ಓಡಿದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್, ಕಿವಿಗೆ ಅದು ತುಸು ಹೆಚ್ಚು ಎನಿಸೀತು ಅಷ್ಟೆ. ಆದರೆ ಗದ್ದಲದ ಗಂಟೆಗಳು ಅರ್ಧಕ್ಕೆ ಇಳಿಯುತ್ತವೆ. ಇಬ್ಬರ ಕೊರೆತವೂ ಒಂದೇ ಹೊತ್ತಿನಲ್ಲಿ ಮುಗಿಯಲಿ, ಉಳಿದ ಹೊತ್ತು ಎಲ್ಲರಿಗೂ ಸಿಗಲಿ. ಇದನ್ನು ಸಂಘದ ಸಭೆಯಲ್ಲಿ ಹೇಳಿದಾಗ ನನ್ನನ್ನು ಎಲ್ಲರೂ ಸ್ವಲ್ಪ ಅನುಮಾನದಿಂದ ನೋಡಿದರು.

ಆದರೆ ಇದಕ್ಕೂ ಹಿಂದಿನ ಪ್ರಶ್ನೆಯೊಂದಿದೆ: ಇಷ್ಟೆಲ್ಲ ಬೇಸಿಗೆಯಲ್ಲೇ ಏಕೆ? ಮಳೆ ಹೆದರಿಸುವ ಕೆಲಸಗಳನ್ನು ಬೆರಳು ಮಡಚಿ ಎಣಿಸಿ. ತಾರಸಿಗೆ ವಾಟರ್ ಪ್ರೂಫಿಂಗ್, ಹೊರಗೋಡೆಯ ಬಿರುಕು, ನೀರಿನ ಕೊಳವೆಯ ಕಸ ತೆಗೆಯುವುದು, ಹೊರಗಿನ ಬಣ್ಣ. ಬಹುತೇಕ ಇವೆಲ್ಲ ಬ್ರಷ್ಷು, ಕರಣೆ, ಪೊರಕೆಯ ಕೆಲಸ. ತಾರಸಿಯ ಹಳೆಯ ಗಾರೆ ಪದರವನ್ನು ಕಿತ್ತು ಹಾಕುವುದೊಂದೇ ಇದಕ್ಕೆ ಅಪವಾದ. ಇನ್ನು ಕಿವಿ ಹರಿಯುವ ಕೆಲಸಗಳು: ಅಡುಗೆಮನೆಯ ಟೈಲ್ಸ್ ಒಡೆಯುವುದು, ಗೋಡೆ ಕೊರೆದು ವೈರಿಂಗ್ ಹಾಕುವುದು, ಕಪಾಟು ಕೂರಿಸುವುದು. ಇವು ಯಾವುವೂ ಮಳೆಯಲ್ಲಿ ನೆನೆಯುವಂಥವಲ್ಲ. ಬೇಸಿಗೆಯಲ್ಲಿ ಮಾಡಲೇಬೇಕಾದ ಕೆಲಸಕ್ಕೆ ಸದ್ದು ಕಡಿಮೆ, ಸದ್ದಿನ ಕೆಲಸಕ್ಕೆ ಬೇಸಿಗೆ ಬೇಕಿಲ್ಲ. ನವೆಂಬರಿನಿಂದ ಜನವರಿಯವರೆಗೆ ಒಣ ಹವೆ, ತಂಪು ಗಾಳಿ, ಕಿಟಕಿ ಮುಚ್ಚಿಕೊಂಡರೂ ಉಸಿರುಗಟ್ಟುವುದಿಲ್ಲ, ದೊಡ್ಡ ಪರೀಕ್ಷೆಗಳೂ ಹತ್ತಿರವಿಲ್ಲ. ಗಾರೆ ಒಣಗಲು ಹವೆಯೂ ಚೆನ್ನ. ಸುರಿಯುವ ಜುಲೈನಲ್ಲಂತೂ ಮಳೆಯ ಸದ್ದೇ ಡ್ರಿಲ್ಲನ್ನು ಮುಚ್ಚಿಹಾಕೀತು, ಆದರೆ ಆಗ ಮರ ಊದಿಕೊಳ್ಳುತ್ತದೆ, ಪುಟ್ಟಿ ಒಣಗುವುದಿಲ್ಲ. ಅದನ್ನು ಶಿಫಾರಸು ಮಾಡಲಾರೆ.

ಒಂದು ತೊಡಕನ್ನು ಒಪ್ಪಬೇಕು. ತೋಟವಿರುವವರಿಗೆ ನವೆಂಬರ್ ಎಂದರೆ ಕೊಯ್ಲಿನ ಕಾಲ, ಕೈ ಬಿಡುವಿಲ್ಲ, ಅಡಿಕೆ ಇನ್ನೂ ಮಂಡಿ ಮುಟ್ಟಿರುವುದಿಲ್ಲ. ದುಡ್ಡು ಬಂದಾಗಲೇ ಒಡೆಸಬೇಕು ಎನ್ನುವವರ ಕಷ್ಟ ಸುಳ್ಳಲ್ಲ. ಅಂಥವರು ಒಡೆತವನ್ನು ಫೆಬ್ರವರಿಗಾದರೂ ಎಳೆದುಕೊಂಡರೆ ಕಟ್ಟಡದಲ್ಲಿ ಓದುವ ಮಕ್ಕಳಿಗೆ ಏಪ್ರಿಲ್, ಮೇ ಉಳಿಯುತ್ತದೆ.

ನಮ್ಮ ಅಡುಗೆಮನೆಗೆ ತಂದ ಟೈಲ್ಸ್ ಪೆಟ್ಟಿಗೆಗಳು ಸದ್ಯ ಮಂಚದ ಕೆಳಗಿವೆ. ದೀಪಾವಳಿ ಕಳೆದ ಮೇಲೆ ಬನ್ನಿ ಎಂದು ಅದೇ ಮೇಸ್ತ್ರಿಗೆ ಹೇಳಿದ್ದೇನೆ. ‘ಆಗ ಕೆಲಸವೇ ಕಡಿಮೆ ಸಾರ್, ರೇಟಿನಲ್ಲೂ ನೋಡಿ ಮಾಡೋಣ’ ಎಂದರು. ಹೊರಡುವ ಮುನ್ನ ಮತ್ತೆ ಬಾಗಿಲಲ್ಲಿ ನಿಂತು ಅಡುಗೆಮನೆಯ ಕಡೆ ಒಂದು ನೋಟ ಹರಿಸಿದರು: ‘ಏನು, ಎರಡು ದಿನದ ಕೆಲಸ.’ ನಾನು ಕ್ಯಾಲೆಂಡರಿನಲ್ಲಿ ಹನ್ನೆರಡು ದಿನ ಗುರುತು ಹಾಕಿಕೊಂಡೆ.